ಮಾತು ಕೇಳದ ಕೈ

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದುಮಾತೆಯ ಸ್ಮರಣೆಯ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಇದನ್ನು ಗೊತ್ತುಪಡಿಸಿದರು. 1993ರಲ್ಲಿ ಮೊದಲ ಆಚರಣೆ ನಡೆಯಿತು. ಆ ದಿನ ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ಅರ್ಪಿತವಾಗುತ್ತದೆ, ಅಭ್ಯಂಗ ಸಂಸ್ಕಾರ ನೀಡಲಾಗುತ್ತದೆ, ಹಣ್ಣುಹಂಪಲು ಹಂಚಲಾಗುತ್ತದೆ. ಇವೆಲ್ಲ ಒಳ್ಳೆಯ ಕಾರ್ಯಗಳೇ. ಆದರೆ ಇವೆಲ್ಲಕ್ಕೂ ಮೊದಲು ನಿರ್ವಹಿಸಬೇಕಾದ ಕರ್ತವ್ಯವೊಂದಿದೆ: ರೋಗವನ್ನು ರೋಗವೆಂದು ಗುರುತಿಸುವುದು. ಆ ಕರ್ತವ್ಯದಲ್ಲಿ ನಾವೇ ಎಡವಿದ ಪ್ರಸಂಗವೊಂದನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇವೆ. ಆ ಮನೆಯವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ; ಹೆಸರು, ಊರು ಹೇಳುವ ಅಗತ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಐವತ್ತೆಂಟು ವರ್ಷದ ತಾಯಿಯೊಬ್ಬರಿದ್ದರು. ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದವರು, ಶಾಂತ ಸ್ವಭಾವದವರು. ಐದು ವರ್ಷಗಳ ಹಿಂದೆ ಅವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿತ್ತು. ಚಿಕಿತ್ಸೆ ಮುಗಿದು, ಕೂದಲು ಮತ್ತೆ ಬೆಳೆದು, ಮನೆಯವರೆಲ್ಲ ಆ ಕಾಲವನ್ನು ಮರೆತಿದ್ದರು. ಮರೆಯಲು ಪ್ರಯತ್ನಿಸಿದ್ದರು ಎಂದರೆ ಹೆಚ್ಚು ಸರಿ. ಒಂದು ಭಾನುವಾರ ಪರಮಪ್ರಸಾದ ಸ್ವೀಕರಿಸಲು ಬಂದಾಗ ಅವರ ಎಡಗೈ ಇದ್ದಕ್ಕಿದ್ದಂತೆ ಯಾರೋ ಎಳೆದೆಸೆದಂತೆ ಬೀಸಿ, ನಮ್ಮ ಕೈಯಲ್ಲಿದ್ದ ಪಾತ್ರೆಗೆ ಬಡಿಯಿತು. ಪರಮಪ್ರಸಾದ ನೆಲಕ್ಕೆ ಬಿತ್ತು. ಸಾಲಿನಲ್ಲಿ ಪಿಸುಮಾತು ಎದ್ದಿತು. ಬಲಿಪೂಜೆ ಮುಗಿದ ಮೇಲೆ ನಾವು ಅವರನ್ನು ಕರೆದು, "ಅಮ್ಮ, ಇಷ್ಟು ಗಾಬರಿ ಏಕೆ? ಮನಸ್ಸನ್ನು ಹಿಡಿತದಲ್ಲಿ ಇಟ್ಟುಕೊಳ್ಳಿ" ಎಂದು ತುಸು ಗಡುಸಾಗಿಯೇ ಹೇಳಿದೆವು. ಅವರು ತಲೆ ತಗ್ಗಿಸಿ, "ಸ್ವಾಮಿ, ಮನಸ್ಸು ಹಿಡಿತದಲ್ಲೇ ಇದೆ. ಕೈ ಮಾತ್ರ ನನ್ನ ಮಾತು ಕೇಳುತ್ತಿಲ್ಲ" ಎಂದರು.

ಆ ಮಾತು ನಮ್ಮ ಕಿವಿಗೆ ಬಿತ್ತು, ಬುದ್ಧಿಗೆ ಮುಟ್ಟಲಿಲ್ಲ. ಮುಂದಿನ ಮೂರು ವಾರಗಳಲ್ಲಿ ಏನೇನೋ ನಡೆಯಿತು. ನೆರೆಹೊರೆಯವರು ಸೈತಾನನ ಕಾಟ ಎಂದರು. ಹಿರಿಯ ಮಗ ಅವರನ್ನು ದೂರದ ಪ್ರಾರ್ಥನಾಕೂಟವೊಂದಕ್ಕೆ ಕರೆದೊಯ್ದ. ಅಲ್ಲಿ ಜನ ಅವರ ಕೈಯನ್ನು ಒತ್ತಿ ಹಿಡಿದು ಗಟ್ಟಿಯಾಗಿ ಪ್ರಾರ್ಥಿಸಿದರು. ಸೊಸೆ ಊಟದ ತಟ್ಟೆಯನ್ನು ಬೇರೆ ಇಟ್ಟಳು. ಆ ತಾಯಿ ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸಿದರು. ಕೊನೆಗೆ ಕಾನ್ವೆಂಟಿನ ಔಷಧಾಲಯದ ಧರ್ಮಭಗಿನಿಯೊಬ್ಬರು ಮನೆಗೆ ಹೋಗಿ, ಒಂದು ಗಂಟೆ ಪಕ್ಕದಲ್ಲಿ ಕುಳಿತು, ಮೂರು ಪ್ರಶ್ನೆ ಕೇಳಿದರು. ಒಂದೇ ಕಡೆಯ ಕೈಯೇ? ಹೌದು. ನಿದ್ದೆಯಲ್ಲಿ ನಿಲ್ಲುತ್ತದೆಯೇ? ಹೌದು. ಹಿಂದೆ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ? ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಂದೇ ಸಂಜೆ ಆ ಸೋದರಿ ನಮ್ಮಲ್ಲಿಗೆ ಬಂದು, "ಸ್ವಾಮಿ, ಇವರಿಗೆ ಬೇಕಾಗಿರುವುದು ಮೆದುಳಿನ ಸ್ಕ್ಯಾನ್" ಎಂದರು. ಎಂ.ಆರ್.ಐ. ಪರೀಕ್ಷೆಯಲ್ಲಿ ಮೆದುಳಿನ ಬಲಭಾಗದ ಆಳದಲ್ಲಿ ಒಂದು ಸಣ್ಣ ಗಡ್ಡೆ ಕಂಡಿತು. ಐದು ವರ್ಷದ ಹಿಂದಿನ ಕ್ಯಾನ್ಸರ್ ಅಲ್ಲಿ ಬಂದು ನೆಲೆಸಿತ್ತು.

ಈ ಕಾಯಿಲೆಯ ಸ್ವರೂಪವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಕ್ಯಾನ್ಸರಿನ ಜೀವಕೋಶಗಳು ಮೂಲ ಗಡ್ಡೆಯಿಂದ ಬೇರ್ಪಟ್ಟು ರಕ್ತದ ಮೂಲಕ ಸಂಚರಿಸಿ ಮೆದುಳಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಬೆಳೆಯಬಲ್ಲವು. ಶ್ವಾಸಕೋಶ, ಸ್ತನ, ಚರ್ಮದ ಮೆಲನೋಮಾ, ಮೂತ್ರಪಿಂಡ ಹಾಗೂ ದೊಡ್ಡಕರುಳಿನ ಕ್ಯಾನ್ಸರ್‌ಗಳು ಹೀಗೆ ಹರಡುವುದು ಹೆಚ್ಚು. ಹೀಗೆ ಬಂದ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ದೊಡ್ಡ ಮೆದುಳಿನಲ್ಲಿ, ಸುಮಾರು 15 ಹಿಂಭಾಗದ ಕಿರುಮೆದುಳಿನಲ್ಲಿ, ಉಳಿದವು ಮೆದುಳಿನ ಕಾಂಡದಲ್ಲಿ ನೆಲೆಸುತ್ತವೆ. ಗಡ್ಡೆ ಚಿಕ್ಕದಿದ್ದರೂ ಅದರ ಸುತ್ತ ನೀರು ತುಂಬಿ ಬಾವು ಬರುತ್ತದೆ; ಅನೇಕ ವೇಳೆ ಗಡ್ಡೆಗಿಂತ ಆ ಬಾವೇ ಹೆಚ್ಚು ಕಾಟ ಕೊಡುತ್ತದೆ.

ಎಲ್ಲಿ ನೆಲೆಸಿತು ಎಂಬುದರ ಮೇಲೆ ಲಕ್ಷಣಗಳು ನಿಲ್ಲುತ್ತವೆ. ಚಲನೆಯನ್ನು ಆಜ್ಞಾಪಿಸುವ ಮೇಲ್ಪದರದಲ್ಲಿ ನೆಲೆಸಿದರೆ ಕೈಕಾಲಿಗೆ ಬಲಹೀನತೆ ಬರಬಹುದು, ಇಲ್ಲವೆ ಹೆಬ್ಬೆರಳಿನಲ್ಲಿಯೋ ತುಟಿಯ ಅಂಚಿನಲ್ಲಿಯೋ ತಾಳಬದ್ಧವಾದ ಸೆಳೆತ ಆರಂಭವಾಗಿ ಮೇಲೇರಬಹುದು. ಇದು ಒಂದು ಬಗೆಯ ಮೂರ್ಛೆರೋಗ. 19ನೆಯ ಶತಮಾನದ ಇಂಗ್ಲಿಷ್ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಅಭ್ಯಸಿಸಿದ ಕಾರಣ ಅವರ ಹೆಸರೇ ಇದಕ್ಕೆ ನಿಂತಿದೆ. ಕಿರುಮೆದುಳಿನಲ್ಲಿ ನೆಲೆಸಿದರೆ ನಡಿಗೆ ತೂರಾಡುತ್ತದೆ, ಲೋಟಕ್ಕೆ ಚಾಚಿದ ಕೈ ಗುರಿ ತಪ್ಪಿ ನಡುಗುತ್ತದೆ, ಮಾತು ತೊದಲುತ್ತದೆ. ಇಂಥವರನ್ನು ಕುಡುಕರೆಂದು ಹಂಗಿಸಿದ ಉದಾಹರಣೆಗಳು ನಮ್ಮ ನಡುವೆಯೇ ಇವೆ. ಮದ್ಯವನ್ನು ಮುಟ್ಟದ ಮನುಷ್ಯ ಬಸ್ ನಿಲ್ದಾಣದಲ್ಲಿ ಆ ಮಾತು ಕೇಳಿಸಿಕೊಂಡು ಮನೆಗೆ ಬಂದಾಗ ಅವನ ಮನಸ್ಸಿಗೆ ಏನಾಗಿರಬಹುದು, ಯೋಚಿಸಿರಿ.

ನಾವು ಹೇಳುತ್ತಿರುವ ತಾಯಿಯ ಗಡ್ಡೆ ನೆಲೆಸಿದ್ದು ಮೆದುಳಿನ ಆಳದಲ್ಲಿ. ಅಲ್ಲಿ ಸುಮಾರು ಒಂದು ಅವರೆಕಾಳಿನಷ್ಟು ಗಾತ್ರದ ನರಕೋಶಗಳ ಗಂಟೊಂದಿದೆ. ಸಬ್‌ಥಾಲಾಮಿಕ್ ನ್ಯೂಕ್ಲಿಯಸ್ ಎಂದು ಅದರ ಹೆಸರು. ಫ್ರೆಂಚ್ ವೈದ್ಯ ಲೂಯೀಸ್ 1865ರಲ್ಲಿ ಅದನ್ನು ವರ್ಣಿಸಿದರು. ಬೇಡದ ಚಲನೆಗಳಿಗೆ ಕಡಿವಾಣ ಹಾಕುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಆ ಗಂಟಿಗೆ ಪೆಟ್ಟು ಬಿದ್ದರೆ ಕಡಿವಾಣ ಸಡಿಲಗೊಂಡು, ದೇಹದ ಎದುರು ಪಾರ್ಶ್ವದ ಕೈಕಾಲುಗಳು ತಾವಾಗಿಯೇ ಬೀಸುತ್ತವೆ, ಒದೆಯುತ್ತವೆ. ಲಂಡನ್ನಿನ ನರವೈದ್ಯ ಜೇಮ್ಸ್ ಪರ್ಡನ್ ಮಾರ್ಟಿನ್ 1927ರಲ್ಲಿ ಈ ಸಂಬಂಧವನ್ನು ವಿವರವಾಗಿ ಬರೆದರು. ವೈದ್ಯರು ಇದನ್ನು ಹೆಮಿಬ್ಯಾಲಿಸ್ಮಸ್ ಎನ್ನುತ್ತಾರೆ. ಅರ್ಧದೇಹದ ಎಸೆತ ಎಂದು ಗ್ರೀಕ್ ಮೂಲದ ಆ ಪದದ ಅರ್ಥ. ಮೆದುಳಿಗೆ ಹರಡಿದ ಕ್ಯಾನ್ಸರಿನಿಂದ ಇದು ಬರುವುದು ಅಪರೂಪ. ಪಾರ್ಶ್ವವಾಯು ಮತ್ತು ಮಿತಿಮೀರಿದ ರಕ್ತದ ಸಕ್ಕರೆ ಇದಕ್ಕೆ ಹೆಚ್ಚು ಸಾಮಾನ್ಯ ಕಾರಣಗಳು. ಆದರೆ ಕಾರಣ ಯಾವುದೇ ಇರಲಿ, ರೋಗಿಯ ಪ್ರಜ್ಞೆ ಎಚ್ಚರವಾಗಿಯೇ ಇರುತ್ತದೆ. ತನ್ನ ಕೈ ಮಾಡುತ್ತಿರುವುದನ್ನು ಅವರು ನೋಡುತ್ತಿರುತ್ತಾರೆ, ತಡೆಯಲಾರರು. "ಕೈ ನನ್ನ ಮಾತು ಕೇಳುತ್ತಿಲ್ಲ" ಎಂಬ ಆ ತಾಯಿಯ ಮಾತಿಗಿಂತ ನಿಖರವಾದ ವರ್ಣನೆಯನ್ನು ಯಾವ ವೈದ್ಯನೂ ಕೊಡಲಾರ.

ಗುರುವಿದ್ಯಾಮಂದಿರದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಒಂದು ವಿವೇಚನೆಯನ್ನು ನಾವು ಪರೀಕ್ಷೆಗಾಗಿ ಉರು ಹೊಡೆದಿದ್ದೆವು. ಮನುಷ್ಯನು ಅರಿತು, ಇಚ್ಛಿಸಿ ಮಾಡುವ ಕ್ರಿಯೆ ಒಂದು. ಅರಿವು ಇಚ್ಛೆಗಳ ಹೊರಗೆ ಮನುಷ್ಯನಲ್ಲಿ ಸುಮ್ಮನೆ ನಡೆದುಹೋಗುವ ಕ್ರಿಯೆ ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಪಾಪಪುಣ್ಯಗಳ ಲೆಕ್ಕ ಅನ್ವಯಿಸುತ್ತದೆ. ಎರಡನೆಯದಕ್ಕೆ ಆ ಮಹಾನುಭಾವರು ಕೊಟ್ಟ ಉದಾಹರಣೆ, ಮನಸ್ಸು ಬೇರೆಲ್ಲೋ ಇರುವಾಗ ತಾನಾಗಿ ಆಡುವ ಕೈ, ಕಾಲು. ಮೂವತ್ತು ವರ್ಷಗಳ ಕಾಲ ಈ ಪಾಠ ನಮ್ಮ ಬಳಿ ಇತ್ತು. ಬೀಸುವ ಕೈಯೊಂದು ನಮ್ಮ ಕಣ್ಣೆದುರಿಗೇ ಬಂದಾಗ ಅದು ನಮ್ಮ ನೆನಪಿಗೆ ಬರಲಿಲ್ಲ. ಇಚ್ಛೆಯಿಲ್ಲದಲ್ಲಿ ನಾವು ಇಚ್ಛೆಯನ್ನು ಕಂಡೆವು; ತಪ್ಪಿಲ್ಲದವರಿಗೆ ಬುದ್ಧಿವಾದ ಹೇಳಿದೆವು.

ಈ ತಪ್ಪು ಹೊಸದಲ್ಲ. 1518ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಜನರು ನಿಲ್ಲಿಸಲಾಗದಂತೆ ಕುಣಿಯತೊಡಗಿದಾಗ ಅದನ್ನು ಸಂತ ವೀಟಸರ ಶಾಪವೆಂದು ತಿಳಿದು, ಕುಣಿಯುವವರನ್ನು ಆ ಸಂತರ ಗುಡಿಗೆ ಸಾಗಿಸಿದರು. ಮುಂದೆ 1686ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಮಕ್ಕಳ ಕೈಕಾಲುಗಳು ತಾವಾಗಿಯೇ ಆಡುವ ಬೇರೊಂದು ಕಾಯಿಲೆಯನ್ನು ವರ್ಣಿಸಿದಾಗಲೂ ಸಂತ ವೀಟಸರ ನೃತ್ಯವೆಂಬ ಹಳೆಯ ಹೆಸರನ್ನೇ ಬಳಸಿದರು. ಆ ಕಾಯಿಲೆ ಕೀಲುವಾತದ ಜ್ವರಕ್ಕೆ ಸಂಬಂಧಿಸಿದ್ದೆಂದು ನಂತರ ತಿಳಿಯಿತು. ಆದರೆ ಧರ್ಮಸಭೆ ಈ ವಿಷಯದಲ್ಲಿ ತನ್ನ ಗುರುಗಳಿಗೆ ಎಚ್ಚರಿಕೆ ಕೊಟ್ಟೇ ಇದೆ. 1614ರ ರೋಮನ್ ವಿಧಿಗ್ರಂಥವೇ, ಪಿಶಾಚಿ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದು, ಅದನ್ನು ಕಾಯಿಲೆಯಿಂದ ಬೇರ್ಪಡಿಸಿ ನೋಡಬೇಕು ಎಂದು ವಿಧಿಸಿತ್ತು. 1999ರಲ್ಲಿ ಪ್ರಕಟವಾದ ಹೊಸ ವಿಧಿಯೂ ಇದನ್ನೇ ಒತ್ತಿ ಹೇಳುತ್ತದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾರೂ ಪಿಶಾಚಿ ಬಿಡಿಸುವ ವಿಧಿಯನ್ನು ನಡೆಸುವಂತಿಲ್ಲ ಎಂಬುದು 1983ರ ಧರ್ಮಸಭಾ ಸಂಹಿತೆಯ 1172ನೆಯ ನಿಯಮ. ಪ್ರಾರ್ಥನೆಯನ್ನು ನಾವು ಅಲ್ಲಗಳೆಯುತ್ತಿಲ್ಲ; ಅದು ನಮ್ಮ ಬದುಕಿನ ಉಸಿರು. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಮೂರು ವಾರ ಕಳೆದುಹೋದಾಗ ಆ ಮೂರು ವಾರಗಳ ಬೆಲೆ ತೆತ್ತವರು ಪ್ರಾರ್ಥಿಸಿದ ನಾವಲ್ಲ, ಆ ತಾಯಿ.

ಇನ್ನೊಂದು ತಪ್ಪು ಕೂಡ ಇದೆ, ಅದು ಮೊದಲನೆಯದಕ್ಕೆ ತದ್ವಿರುದ್ಧ. ಕ್ಯಾನ್ಸರ್ ಬಂದವರ ಕೈ ನಡುಗಿದ ಕೂಡಲೇ ಎಲ್ಲ ಮುಗಿಯಿತೆಂದು ಕೈಚೆಲ್ಲಿ ಕುಳಿತುಬಿಡುವುದು. ಕ್ಯಾನ್ಸರ್ ರೋಗಿಯ ಎಲ್ಲ ನಡುಕವೂ ಮೆದುಳಿಗೆ ಹರಡಿದ ಗಡ್ಡೆಯಿಂದಲ್ಲ. ವಾಂತಿ ತಡೆಯಲು ಕೊಡುವ ಮೆಟೊಕ್ಲೋಪ್ರಮೈಡ್ ಮಾತ್ರೆಯಿಂದ ಕೆಲವರಿಗೆ ಕುತ್ತಿಗೆ ತಿರುಚಿಕೊಳ್ಳುವುದು, ಒಂದೆಡೆ ಕೂರಲಾಗದ ಚಡಪಡಿಕೆ, ಪಾರ್ಕಿನ್‌ಸನ್ ರೋಗದಂಥ ಬಿಗಿತ ಉಂಟಾಗುತ್ತದೆ. ವೈದ್ಯರು ಔಷಧ ಬದಲಿಸಿದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಯಕೃತ್ತು ಅಥವಾ ಮೂತ್ರಪಿಂಡ ಕೆಟ್ಟಾಗ ಚಾಚಿದ ಅಂಗೈ ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳಬಹುದು. ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬಹುಕಾಲ ಮುಂದುವರಿದರೆ ತೊಡೆಯ ಸ್ನಾಯುಗಳು ಸೊರಗಿ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ರಕ್ತದಲ್ಲಿ ಸಕ್ಕರೆಯೂ ಏರುತ್ತದೆ. ಇವುಗಳಲ್ಲಿ ಹಲವಕ್ಕೆ ಪರಿಹಾರವಿದೆ. ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು. ಔಷಧವನ್ನು ನಾವಾಗಿಯೇ ನಿಲ್ಲಿಸಲೂ ಬಾರದು. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ.

ಗಡ್ಡೆಯೇ ಕಾರಣವಾದರೂ ಮಾಡಬಹುದಾದದ್ದು ಬಹಳವಿದೆ. ಸ್ಟೀರಾಯ್ಡ್ ಔಷಧದಿಂದ ಬಾವು ಕೆಲವೇ ದಿನಗಳಲ್ಲಿ ಇಳಿದು, ಲಕ್ಷಣಗಳು ಅನೇಕರಲ್ಲಿ ತಗ್ಗುತ್ತವೆ. ಒಂದೇ ಗಡ್ಡೆ ಇದ್ದು ಶಸ್ತ್ರಚಿಕಿತ್ಸೆಗೆ ನಿಲುಕುವಂತಿದ್ದರೆ ಅದನ್ನು ತೆಗೆಯಬಹುದು. ಅಮೆರಿಕದ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರು 1990ರಲ್ಲಿ 48 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ವಿಕಿರಣ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಮಂದಿ 15 ವಾರ ದಾಟಿದರೆ, ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಅರ್ಧದಷ್ಟು ಮಂದಿ 40 ವಾರ ದಾಟಿದರು. ಆಳದಲ್ಲಿರುವ ಸಣ್ಣ ಗಡ್ಡೆಗಳಿಗೆ ತಲೆಬುರುಡೆ ತೆರೆಯದೆ ಅನೇಕ ಸೂಕ್ಷ್ಮ ಕಿರಣಗಳನ್ನು ಒಂದೇ ಬಿಂದುವಿಗೆ ಹಾಯಿಸುವ ವಿಧಾನವಿದೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಅವರ ಗಾಮಾ ನೈಫ್ ಯಂತ್ರ 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬಳಕೆಗೆ ಬಂತು. ಈಚಿನ ವರ್ಷಗಳಲ್ಲಿ ಶ್ವಾಸಕೋಶ ಹಾಗೂ ಸ್ತನ ಕ್ಯಾನ್ಸರಿನ ಕೆಲವು ಬಗೆಗಳಿಗೆ ಮೆದುಳಿನ ಒಳಗೂ ಪರಿಣಾಮ ಬೀರುವ ಮಾತ್ರೆಗಳು ಬಂದಿವೆ. ಬೀಸುವ ಕೈಯನ್ನು ಶಮನಗೊಳಿಸಲು ಟೆಟ್ರಾಬೆನಜೀನ್‌ನಂಥ ಔಷಧಗಳಿವೆ. ಎಲ್ಲರೂ ಗುಣವಾಗುತ್ತಾರೆಂದು ನಾವು ಹೇಳುತ್ತಿಲ್ಲ. ಮೆದುಳಿಗೆ ಹರಡಿದ ಕ್ಯಾನ್ಸರ್ ಬಹುಮಟ್ಟಿಗೆ ಗುಣವಾಗದ ಕಾಯಿಲೆಯೇ. ಆದರೆ ಉಳಿದ ದಿನಗಳನ್ನು ಕೈ ಬೀಸುತ್ತಾ ಕಳೆಯುವುದಕ್ಕೂ ಜಪಸರ ಹಿಡಿದು ಕಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಆದುದರಿಂದ ನಮ್ಮ ಕುಟುಂಬಗಳಿಗೆ ಕೆಲವು ಮಾತುಗಳು. ಮೊದಲನೆಯದಾಗಿ, ಹಳೆಯ ಕಾಯಿಲೆಯನ್ನು ವೈದ್ಯರಿಂದ ಮುಚ್ಚಿಡಬೇಡಿರಿ. ಮಗಳ ಮದುವೆಗೆ ತೊಡಕಾದೀತೆಂದು ತಾಯಿಯ ಕ್ಯಾನ್ಸರನ್ನು ಬಚ್ಚಿಡುವ, ಆಸ್ಪತ್ರೆಯ ಕಾಗದಗಳನ್ನು ಸುಟ್ಟುಹಾಕುವ ಮನೆಗಳನ್ನು ನಾವು ಬಲ್ಲೆವು. ಹತ್ತು ವರ್ಷ ಕಳೆದಿದ್ದರೂ ಆ ಕಾಗದಗಳು ಮನೆಯಲ್ಲಿರಲಿ. ಎರಡನೆಯದಾಗಿ, ಚಲನೆ ಎಂದು ಆರಂಭವಾಯಿತು, ಯಾವ ಕಡೆ, ಎಷ್ಟು ಹೊತ್ತು, ನಿದ್ದೆಯಲ್ಲಿ ನಿಲ್ಲುತ್ತದೆಯೇ, ಯಾವ ಮಾತ್ರೆಗಳು ನಡೆಯುತ್ತಿವೆ ಎಂಬುದನ್ನು ಬರೆದಿಡಿರಿ; ಮೊಬೈಲ್ ಫೋನಿನಲ್ಲಿ ಒಂದು ನಿಮಿಷದ ಚಿತ್ರ ತೆಗೆದು ವೈದ್ಯರಿಗೆ ತೋರಿಸಿರಿ. ಮೂರನೆಯದಾಗಿ, ಮೂರ್ಛೆ ಬಂದರೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿರಿ. ಕೈಗೆ ಬೀಗದಕೈ ಗೊಂಚಲು ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಧಾವಿಸಿರಿ. ನಾಲ್ಕನೆಯದಾಗಿ, ಬೀಸುವ ಕೈಯನ್ನು ಬಲವಂತವಾಗಿ ಅದುಮಿ ಹಿಡಿಯಬೇಡಿರಿ, ಕಟ್ಟಿಹಾಕಬೇಡಿರಿ. ಹಾಸಿಗೆಯನ್ನು ತಗ್ಗಿನಲ್ಲಿ ಹಾಕಿ, ಮಂಚದ ಅಂಚಿಗೆ ದಿಂಬು ಕೊಟ್ಟು, ಬಿಸಿ ಪಾತ್ರೆ, ಗಾಜಿನ ಲೋಟಗಳನ್ನು ದೂರವಿಡಿರಿ. ದಿನವಿಡೀ ಆಡುವ ಅಂಗಗಳಿಂದ ದೇಹ ಬಳಲುತ್ತದೆ. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅವರ ಎದುರಿಗೇ ಅವರಿಲ್ಲದಂತೆ ಮಾತನಾಡಬೇಡಿರಿ. ಕೈ ಮಾತು ಕೇಳದಿರಬಹುದು, ಕಿವಿ ಕೇಳುತ್ತಿರುತ್ತದೆ.

ಚಿಕಿತ್ಸೆಗೆ ದಾರಿ ಮುಗಿದಾಗಲೂ ಆರೈಕೆಗೆ ದಾರಿ ಮುಗಿಯುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಹಾಸ್ಪಿಸನ್ನು ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಕೂಡ ಎಂದು ಲೋಕಕ್ಕೆ ಕಲಿಸಿದರು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ನೀಡಲಾಗುತ್ತದೆ. ಇಂಥ ಕಡೆ ಸೇರಿಸುವುದು ತಂದೆತಾಯಿಯನ್ನು ಕೈಬಿಟ್ಟಂತೆ ಎಂದು ಯಾರೂ ತಿಳಿಯಬಾರದು. ಧರ್ಮಕೇಂದ್ರಗಳಿಗೂ ಒಂದು ಹೊಣೆಯಿದೆ. ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ವಾರಕ್ಕೊಂದು ರಾತ್ರಿ ರೋಗಿಯ ಪಕ್ಕ ಕುಳಿತು ಮನೆಯವರಿಗೆ ನಿದ್ದೆ ಮಾಡಲು ಬಿಡುವು ಕೊಡುವುದು, ಇವು ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರೂ ಯುವಜನರೂ ಮಾಡಬಲ್ಲ ಕೆಲಸಗಳು.

ರೋಗಿಗಳ ದಿನವನ್ನು ಗೊತ್ತುಪಡಿಸಿದ ಜಗದ್ಗುರುಗಳು ತಾವೇ ಪಾರ್ಕಿನ್‌ಸನ್ ರೋಗದಿಂದ ಬಳಲಿ 2005ರಲ್ಲಿ ದೈವಾಧೀನರಾದರು. ಅವರ ಕೈ ನಡುಗುವುದನ್ನು ಜಗತ್ತೆಲ್ಲ ವರ್ಷಗಟ್ಟಲೆ ನೋಡಿತು. ಅವರು ಆ ಕೈಯನ್ನು ಬಚ್ಚಿಟ್ಟುಕೊಂಡು ಒಳಗೆ ಕೂರಲಿಲ್ಲ. ಅದಕ್ಕಾಗಿ ಅವರನ್ನು ಯಾರೂ ದೂಷಿಸಲೂ ಇಲ್ಲ. ಜಗದ್ಗುರುವಿನ ಕೈಗೆ ಸಲ್ಲಿಸಿದ ಗೌರವವನ್ನು ನಮ್ಮ ಬೀದಿಯ ಒಬ್ಬ ತಾಯಿಯ ಕೈಗೆ ಸಲ್ಲಿಸಲು ನಾವು ಹಿಂಜರಿದೆವು ಎಂಬುದನ್ನು ನೆನೆದಾಗ ಇಂದಿಗೂ ನಮಗೆ ನಾಚಿಕೆಯಾಗುತ್ತದೆ.

ಆ ತಾಯಿಗೆ ವಿಕಿರಣ ಚಿಕಿತ್ಸೆಯಾಯಿತು. ಮಾತ್ರೆಗಳಿಂದ ಕೆಲವು ವಾರಗಳಲ್ಲಿ ಕೈ ಬಹುಮಟ್ಟಿಗೆ ಶಾಂತವಾಯಿತು. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. "ನಿಮಗೆ ಗೊತ್ತಿರಲಿಲ್ಲ ಸ್ವಾಮಿ" ಎಂದಷ್ಟೇ ಅವರು ಹೇಳಿದರು. ಆಮೇಲೆ ಹನ್ನೊಂದು ತಿಂಗಳು ಬದುಕಿದರು. ಆ ಕಾಲದಲ್ಲಿ ಅವರು ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಲಿಲ್ಲ; ನಾವೇ ಅವರ ಬೆಂಚಿನ ಬಳಿಗೆ ಹೋಗುತ್ತಿದ್ದೆವು. ಸೊಸೆ ಪಕ್ಕದಲ್ಲಿ ಕುಳಿತು ಅವರ ಎಡಗೈಯನ್ನು ಅದುಮದೆ, ಸುಮ್ಮನೆ ತನ್ನ ಕೈಯೊಳಗೆ ಇಟ್ಟುಕೊಂಡಿರುತ್ತಿದ್ದಳು.

ಗೊತ್ತಿರಲಿಲ್ಲ ಎಂಬ ನೆಪ ಒಮ್ಮೆ ಮಾತ್ರ ಸಲ್ಲುತ್ತದೆ. ಈ ಲೇಖನ ಓದಿದ ಮೇಲೆ ನಮ್ಮ ವಾಚಕರಲ್ಲಿ ಯಾರಿಗೂ ಅದು ಸಲ್ಲದಿರಲಿ. ನಿಮ್ಮ ಮನೆಯ ಹಿರಿಯರು ನಾಳೆ ತೂರಾಡಿದರೆ, ಅವರ ಕೈ ತಾನಾಗಿ ಬೀಸಿದರೆ, ಮೊದಲು ಅವರು ಹೇಳುವುದನ್ನು ಕೇಳಿರಿ. ಬಳಿಕ ವೈದ್ಯರ ಬಳಿಗೆ ಕರೆದೊಯ್ಯಿರಿ. ಪ್ರಾರ್ಥನೆಯನ್ನು ದಾರಿಯುದ್ದಕ್ಕೂ ಮಾಡಬಹುದು.